ವೆಸ್ಟಾ ನೋಡಲು ಎರಡು ರಾತ್ರಿ ಬೇಕು

"ನಿನ್ನೆ ನೋಡಿದ್ರಲ್ಲ, ಇವತ್ತು ಮತ್ತೆ ಯಾಕೆ?"

ತಾರಸಿ ಬಾಗಿಲಿನ ಚಿಲಕ ತೆಗೆಯುತ್ತಿದ್ದಾಗ ನನ್ನ ಹೆಂಡತಿ ಕೇಳಿದ ಪ್ರಶ್ನೆ ಇದು. ಗುರು, ಶನಿ ನೋಡಲು ಹೊರಟಿದ್ದರೆ ಅವಳ ಮಾತು ಸರಿ. ಒಂದು ಸಲ ನೋಡಿದರೂ ನೋಡಿದ ಹಾಗೆಯೇ. ವೆಸ್ಟಾ ಎಂಬ ಕ್ಷುದ್ರಗ್ರಹ ಹಾಗಲ್ಲ. ಮೊದಲ ರಾತ್ರಿ ನಿಮಗೆ ಸಿಗುವುದು ಒಂದು ಚುಕ್ಕಿ. ಪಕ್ಕದ ನಕ್ಷತ್ರಗಳಿಗೂ ಅದಕ್ಕೂ ಏನೂ ವ್ಯತ್ಯಾಸ ಇರುವುದಿಲ್ಲ. ಮಾರನೇ ರಾತ್ರಿ ಆ ಚುಕ್ಕಿ ಜಾಗ ಬದಲಿಸಿರುತ್ತದೆ. ಆಗಲೇ ಅದು ವೆಸ್ಟಾ ಎಂದು ಹೇಳಲು ಬರುವುದು. ಮೊದಲ ರಾತ್ರಿ ನಾನು ಕಂಡದ್ದು ನಿಜವಾಗಿ ಅದೇನಾ ಎಂಬುದಕ್ಕೆ ನನ್ನ ಬಳಿ ಯಾವ ಪುರಾವೆಯೂ ಇರಲಿಲ್ಲ.

1802ರಲ್ಲಿ ವಿಲಿಯಂ ಹರ್ಷೆಲ್ ಇಂಥ ಕಾಯಗಳಿಗೆ ‘ಆಸ್ಟರಾಯ್ಡ್’ ಎಂಬ ಹೆಸರು ಸೂಚಿಸಿದ. ನಕ್ಷತ್ರದಂತೆ ಕಾಣುವುದು ಎಂದು ಅದರ ಅರ್ಥ. ನಾವು ಕ್ಷುದ್ರಗ್ರಹ ಅನ್ನುತ್ತೇವೆ, ಸ್ವಲ್ಪ ಅನ್ಯಾಯದ ಹೆಸರು. ವೆಸ್ಟಾದ ಅಡ್ಡಗಲ ಸರಾಸರಿ 525 ಕಿ.ಮೀ. ಇದೆ. ಆದರೆ ಭೂಮಿಗೆ ತೀರಾ ಹತ್ತಿರ ಬಂದಾಗಲೂ ಅದು 17 ಕೋಟಿ ಕಿ.ಮೀ. ದೂರದಲ್ಲಿರುತ್ತದೆ. ಅಂಗಿಯ ಗುಂಡಿಯೊಂದನ್ನು ಮೂರು ಕಿಲೋಮೀಟರ್ ಆಚೆ ಹಿಡಿದರೆ ಎಷ್ಟು ಕಾಣುತ್ತದೋ ಅಷ್ಟೇ. ಅಂದಮೇಲೆ ಬೈನಾಕ್ಯುಲರ್‌ನಲ್ಲಿ ಬಿಲ್ಲೆ ಕಂಡೀತು, ಬಣ್ಣ ಕಂಡೀತು ಎಂಬ ಆಸೆ ಈಗಲೇ ಬಿಟ್ಟುಬಿಡಿ. ನಾವು ನೋಡಬೇಕಾದದ್ದು ಅದರ ನಡೆ.

ಮೊದಲು ಸಮಯ ಗೊತ್ತುಮಾಡಿಕೊಳ್ಳಿ. ವೆಸ್ಟಾ ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿದೆ. ಸೂರ್ಯನ ಸುತ್ತ ಒಂದು ಸುತ್ತಿಗೆ ಸುಮಾರು 3.6 ವರ್ಷ ತೆಗೆದುಕೊಳ್ಳುತ್ತದೆ. ಭೂಮಿ ವೇಗವಾಗಿ ಓಡುತ್ತಾ ಸುಮಾರು ಹದಿನಾರೂವರೆ ತಿಂಗಳಿಗೊಮ್ಮೆ ಅದನ್ನು ಹಿಂದಿಕ್ಕುತ್ತದೆ. ಹಾಗೆ ಹಿಂದಿಕ್ಕುವ ಹೊತ್ತಿಗೆ ಸೂರ್ಯ ಒಂದು ಕಡೆ, ವೆಸ್ಟಾ ಎದುರು ಕಡೆ, ನಡುವೆ ನಾವು. ಇದಕ್ಕೆ ವಿಯುತಿ ಎನ್ನುತ್ತಾರೆ. ಆಗ ಸೂರ್ಯ ಮುಳುಗುವ ಹೊತ್ತಿಗೆ ವೆಸ್ಟಾ ಹುಟ್ಟುತ್ತದೆ, ನಡುರಾತ್ರಿಗೆ ಅತಿ ಎತ್ತರದಲ್ಲಿರುತ್ತದೆ, ಬೆಳಗಾಗುವಾಗ ಮುಳುಗುತ್ತದೆ. ಹೊಳಪೂ ಆಗಲೇ ಜಾಸ್ತಿ. ವಿಯುತಿಯ ದಿನವೇ ನೋಡಬೇಕು ಅಂತೇನಿಲ್ಲ. ಹಿಂದೆ ಮೂರು ವಾರ, ಮುಂದೆ ಮೂರು ವಾರ ಸುಖವಾಗಿ ನೋಡಬಹುದು.

ಎಲ್ಲ ವಿಯುತಿಯೂ ಒಂದೇ ಅಲ್ಲ. ವೆಸ್ಟಾದ ದಾರಿ ಪೂರ್ತಿ ದುಂಡಗಿಲ್ಲ. ಅದು ಸೂರ್ಯನಿಗೆ ಹತ್ತಿರವಿದ್ದಾಗ ವಿಯುತಿ ಬಂದರೆ ನಮಗೆ ಲಾಭ. 2018ರ ಜೂನ್ 19ರ ವಿಯುತಿಯಲ್ಲಿ ಅದು ಧನು ರಾಶಿಯಲ್ಲಿ 5.3 ಮ್ಯಾಗ್ನಿಟ್ಯೂಡ್‌ನಲ್ಲಿ ಹೊಳೆಯಿತು. 2019ರ ನವೆಂಬರ್‌ನಲ್ಲಿ 6.5ಕ್ಕೆ ಇಳಿದಿತ್ತು. ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಂಕಿ. ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ. ಪರೀಕ್ಷೆಯ ರ‍್ಯಾಂಕ್ ಇದ್ದ ಹಾಗೆ ಅಂದುಕೊಳ್ಳಿ, ಒಂದನೇ ರ‍್ಯಾಂಕ್ ಆರನೆಯದಕ್ಕಿಂತ ಮೇಲೆ ಅಲ್ವಾ? ಒಂದು ಅಂಕಿಯ ವ್ಯತ್ಯಾಸ ಅಂದರೆ ಸುಮಾರು ಎರಡೂವರೆ ಪಟ್ಟು ಬೆಳಕಿನ ವ್ಯತ್ಯಾಸ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ದೀಪಗಳ ನಡುವೆ 4 ಕಂಡರೆ ಪುಣ್ಯ. ಸಾಧಾರಣ ಬೈನಾಕ್ಯುಲರ್ ಹಿಡಿದರೆ 8 ಅಥವಾ 9ರವರೆಗೂ ಹೋಗಬಹುದು. ಹಾಗಾಗಿ ವೆಸ್ಟಾಕ್ಕೆ ದುಬಾರಿ ಟೆಲಿಸ್ಕೋಪ್ ಬೇಡ.

ಆಮೇಲೆ ಚಂದ್ರ. ಹುಣ್ಣಿಮೆಯ ಆಸುಪಾಸಿನ ಐದಾರು ದಿನ ಬಿಟ್ಟುಬಿಡಿ. ಕ್ಯಾಲೆಂಡರಿನಲ್ಲಿ ವಿಯುತಿಗೆ ಹತ್ತಿರದ ಅಮಾವಾಸ್ಯೆ ಹುಡುಕಿ ಅದರ ಸುತ್ತಲಿನ ರಾತ್ರಿಗಳನ್ನು ಗುರುತು ಹಾಕಿಕೊಳ್ಳಿ. ನಾಲ್ಕೈದು ರಾತ್ರಿ ಕೈಯಲ್ಲಿರಲಿ. ನಮಗೆ ಬೇಕಾದದ್ದು ಎರಡು. ಉಳಿದದ್ದು ಮೋಡಕ್ಕೆ.

ನನ್ನ ಹತ್ತಿರ ಇರುವುದು ಹಕ್ಕಿ ನೋಡಲು ಕೊಂಡಿದ್ದ 10×50 ಬೈನಾಕ್ಯುಲರ್. ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 50 ಮಿಲಿಮೀಟರ್ ಅಗಲ. ಒಂದೇ ನೋಟಕ್ಕೆ ಆರೂವರೆ ಡಿಗ್ರಿ ಆಕಾಶ ಸಿಗುತ್ತದೆ, ಅಂದರೆ ಹದಿಮೂರು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. 7×50 ಕೂಡ ಚೆನ್ನಾಗಿರುತ್ತದೆ, ಕೈ ನಡುಗುವುದು ಕಡಿಮೆ ಗೊತ್ತಾಗುತ್ತದೆ. ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಎಂದು ಆಸೆ ಹುಟ್ಟಿಸುವವುಗಳು ಕೈಯಲ್ಲಿ ಹಿಡಿದು ನೋಡಲು ದಂಡ. ನಕ್ಷತ್ರಗಳೆಲ್ಲ ಮಿಂಚುಹುಳದ ಹಾಗೆ ಕುಣಿಯುತ್ತವೆ.

ಹತ್ತು ಪಟ್ಟಿನದ್ದೂ ಕುಣಿಯುತ್ತದೆ, ಆಧಾರ ಇಲ್ಲದಿದ್ದರೆ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮೊಣಕೈ ಎರಡನ್ನೂ ಕುರ್ಚಿಯ ತೋಳುಗಳ ಮೇಲೆ ಊರಿ. ವೆಸ್ಟಾ ನೆತ್ತಿಯ ಮೇಲಿದ್ದರೆ ಚಾಪೆ ಹಾಸಿ ಮಲಗುವುದೇ ವಾಸಿ. ನಿಂತು ನೋಡಿ ನೋಡಿ ನನ್ನ ಕತ್ತು ಒಂದು ವಾರ ಹಿಡಿದುಕೊಂಡಿತ್ತು, ಆ ಬುದ್ಧಿ ನಿಮಗೆ ಪುಕ್ಕಟೆ. ಕನ್ನಡಕದವರಿಗೆ ಇನ್ನೊಂದು ಮಾತು. ಬೈನಾಕ್ಯುಲರ್‌ನ ಕಣ್ಣಿನ ಕಡೆಯ ರಬ್ಬರ್ ಅಂಚನ್ನು ಹಿಂದಕ್ಕೆ ಮಡಚಿದರೆ ಕನ್ನಡಕದ ಮೇಲಿಂದಲೇ ಪೂರ್ತಿ ನೋಟ ಸಿಗುತ್ತದೆ. ಬರೀ ದೂರದೃಷ್ಟಿಯ ತೊಂದರೆ ಇದ್ದವರು ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಂಡರೂ ನಡೆಯುತ್ತದೆ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಂದೇ ಒಂದು ಸಲ ಮೊಬೈಲ್ ನೋಡಿದಿರೋ, ಮತ್ತೆ ಮೊದಲಿನಿಂದ ಶುರು. ನಕ್ಷೆ ಓದಲು ಕೆಂಪು ಬೆಳಕು ಬಳಸಿ. ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ಹಾಳೆ ಎರಡು ಪದರ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದರೆ ಸಾಕು.

ಇನ್ನು ನಕ್ಷೆ. ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದೆ.

ಸ್ಟೆಲೇರಿಯಂ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ವೆಸ್ಟಾ ಎಂದು ಹುಡುಕಿದರೆ ನಿಮ್ಮ ಜಾಗಕ್ಕೆ, ನಿಮ್ಮ ಸಮಯಕ್ಕೆ ಅದು ಎಲ್ಲಿದೆ ಎಂದು ತೋರಿಸುತ್ತದೆ. ಯಾವ ಸಾಫ್ಟ್‌ವೇರ್ ಆದರೂ ಒಂದು ಎಚ್ಚರಿಕೆ: ಕ್ಷುದ್ರಗ್ರಹದ ಕಕ್ಷೆಯ ಲೆಕ್ಕ ಹಳೆಯದಾದರೆ ಜಾಗ ತಪ್ಪುತ್ತಾ ಹೋಗುತ್ತದೆ. ಮೊದಲು ಅದನ್ನು ಅಪ್‌ಡೇಟ್ ಮಾಡಿ. ಅನುಮಾನ ಬಂದರೆ ನಾಸಾದ ಜೆಪಿಎಲ್ ಪ್ರಯೋಗಾಲಯ ನಡೆಸುವ ಹೊರೈಜನ್ಸ್ ಎಂಬ ಲೆಕ್ಕಪಟ್ಟಿಯ ಜೊತೆ ತಾಳೆ ನೋಡಿ. ಅಲ್ಲಿ ಸಮಯ ಸಾಮಾನ್ಯವಾಗಿ ಯುಟಿಯಲ್ಲಿ, ಅಂದರೆ ಗ್ರೀನಿಚ್‌ನ ಜಾಗತಿಕ ಸಮಯದಲ್ಲಿ ಇರುತ್ತದೆ, ನಿಮ್ಮ ಗಡಿಯಾರದ ಸಮಯಕ್ಕೆ ಬದಲಿಸಿಕೊಳ್ಳಬೇಕು.

ಎರಡು ನಕ್ಷೆ ಮುದ್ರಿಸಿಕೊಳ್ಳಿ. ಒಂದು ದೊಡ್ಡದು: ಇಡೀ ರಾಶಿ, ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಮಾತ್ರ. ಇನ್ನೊಂದು ಹತ್ತಿರದ್ದು: ಹತ್ತು ಡಿಗ್ರಿ ಅಗಲ, 8ನೇ ಮ್ಯಾಗ್ನಿಟ್ಯೂಡ್‌ವರೆಗಿನ ನಕ್ಷತ್ರಗಳು. 8ಕ್ಕಿಂತ ಮಂಕಾದವನ್ನೂ ಸೇರಿಸಿದರೆ ಕಾಗದದ ಮೇಲೆ ಸಾಸಿವೆ ಚೆಲ್ಲಿದ ಹಾಗಾಗುತ್ತದೆ, ಏನೂ ತಿಳಿಯುವುದಿಲ್ಲ. ಎರಡರಲ್ಲೂ ಉತ್ತರ ದಿಕ್ಕು ಬರೆದಿಟ್ಟುಕೊಳ್ಳಿ.

ನನ್ನ ಕಥೆ ಹೇಳುತ್ತೇನೆ. 2021ರ ಮಾರ್ಚ್ 4ಕ್ಕೆ ವೆಸ್ಟಾ ವಿಯುತಿ ಇತ್ತು. ಸಿಂಹ ರಾಶಿಯ ಹಿಂಭಾಗದಲ್ಲಿ, ಹುಬ್ಬ ನಕ್ಷತ್ರದ ಜೋಡಿ ಚುಕ್ಕಿಗಳ ಆಸುಪಾಸು. ಹುಬ್ಬ ಅಂದರೆ ಪೂರ್ವ ಫಲ್ಗುಣಿ. ಆ ಎರಡು ಚುಕ್ಕಿಗಳ ನಡುವಿನ ದೂರ ಸುಮಾರು ಐದು ಡಿಗ್ರಿ, ಬೈನಾಕ್ಯುಲರ್‌ನಲ್ಲಿ ಎರಡೂ ಒಟ್ಟಿಗೆ ಹಿಡಿಯುತ್ತವೆ. ಇದಕ್ಕಿಂತ ಸುಲಭ ಇನ್ನೇನು ಬೇಕು ಅಂದುಕೊಂಡೆ. ಮಾರ್ಚ್ 8ಕ್ಕೆ ಶುರು ಮಾಡಿದೆ. ಸಂಜೆ ಚಂದ್ರ ಇರಲಿಲ್ಲ. ಮಘಾ ನಕ್ಷತ್ರ ಹಿಡಿದು ಹಿಂದಕ್ಕೆ ಬಂದೆ, ಜೋಡಿ ಸಿಕ್ಕಿತು, ನಕ್ಷೆಯಲ್ಲಿ ಹೇಳಿದ ಜಾಗದಲ್ಲಿ ಒಂದು ಚುಕ್ಕಿಯೂ ಸಿಕ್ಕಿತು. ವೃತ್ತ ಎಳೆದು ಗುರುತು ಹಾಕಿದೆ. 9ನೇ ತಾರೀಖು ಅದೇ ಜಾಗದಲ್ಲಿತ್ತು. 10ನೇ ತಾರೀಖೂ ಅಲ್ಲೇ. ವೆಸ್ಟಾ ನಡೆಯುವುದನ್ನೇ ನಿಲ್ಲಿಸಿತೇ?

ನಕ್ಷೆಯಲ್ಲಿ ಸಿಂಹ ನೆಟ್ಟಗೆ ನಿಂತಿತ್ತು. ಪೂರ್ವದಲ್ಲಿ ಆಗಷ್ಟೇ ಮೇಲೇರುತ್ತಿದ್ದ ಸಿಂಹ ಒರಗಿಕೊಂಡಿತ್ತು. ನಾನು ಕಾಗದ ತಿರುಗಿಸದೆ ‘ಎಡಕ್ಕೆ, ಸ್ವಲ್ಪ ಮೇಲೆ’ ಎಂದು ಹುಡುಕಿದ್ದೆ. ಎಡವೂ ತಪ್ಪು, ಮೇಲೂ ತಪ್ಪು. ಮೂರು ರಾತ್ರಿ ನಿಷ್ಠೆಯಿಂದ ಯಾವುದೋ ಸಾಧಾರಣ ನಕ್ಷತ್ರವನ್ನು ಕಾವಲು ಕಾದಿದ್ದೆ.

ಮಜಾ ಇರುವುದು ಮುಂದೆ. 12ನೇ ತಾರೀಖು ಸರಿಯಾಗಿ ತಿರುಗಿಸಿದ ನಕ್ಷೆ ಹಿಡಿದು ವೆಸ್ಟಾ ಕಂಡುಹಿಡಿದೆ. ಒಳಗೆ ಬಂದು ಹಳೆಯ ಹಾಳೆಗಳನ್ನು ನೋಡಿದರೆ, ಮೂರರಲ್ಲೂ ಅದು ಇತ್ತು! ‘ಸುಮ್ನೆ ಇರಲಿ’ ಎಂದು ಗುರುತು ಹಾಕಿದ್ದ ಚುಕ್ಕಿಗಳಲ್ಲಿ ಒಂದು ಪ್ರತಿ ರಾತ್ರಿ ಸ್ವಲ್ಪ ಸ್ವಲ್ಪ ಸರಿದಿತ್ತು. ಗೆಲಿಲಿಯೊ ಕೂಡ 1612-13ರಲ್ಲಿ ಗುರುವನ್ನು ನೋಡುವಾಗ ಪಕ್ಕದಲ್ಲಿದ್ದ ನೆಪ್ಚೂನ್ ಗ್ರಹವನ್ನು ನಕ್ಷತ್ರ ಎಂದು ಬರೆದಿಟ್ಟಿದ್ದ. ಅವನ ಪಕ್ಕ ನಿಲ್ಲುವ ಯೋಗ್ಯತೆ ನನಗೆ ಈ ಒಂದು ವಿಷಯದಲ್ಲಿ ಮಾತ್ರ ಇದೆ.

ಹಾಗಾಗಿ ನಕ್ಷೆಯನ್ನು ಆಕಾಶಕ್ಕೆ ಹೊಂದುವವರೆಗೆ ತಿರುಗಿಸಿ. ದೊಡ್ಡ ನಕ್ಷತ್ರ ಮೂರು ಸೇರಿ ಆಗುವ ತ್ರಿಕೋನ ಕಾಗದದಲ್ಲೂ ಮೇಲೂ ಒಂದೇ ರೀತಿ ಕಾಣಬೇಕು. ಅಲ್ಲಿಂದ ಒಂದೊಂದೇ ನಕ್ಷತ್ರ ಹಿಡಿದು, ಹಳ್ಳ ದಾಟುವಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟ ಹಾಗೆ ಮುಂದೆ ಹೋಗಿ. ಒಂದು ಹೆಜ್ಜೆ ಅನುಮಾನ ಬಂದರೂ ಹಿಂದಿನ ಕಲ್ಲಿಗೆ ವಾಪಸ್ ಬನ್ನಿ.

ಜಾಗ ಸಿಕ್ಕ ಮೇಲೆ ಚಿತ್ರ ಬರೆಯಿರಿ. ದಯವಿಟ್ಟು ಇದನ್ನು ಬಿಡಬೇಡಿ. ಚಿತ್ರ ಬರೆಯಲು ಬರಲ್ಲ ಅನ್ನುವವರು ಹಾಳೆಯ ಮೇಲೆ ಚುಕ್ಕಿ ಇಡಬಲ್ಲಿರಿ ತಾನೇ? ಅಷ್ಟೇ ಬೇಕಾದದ್ದು. ನಾನು ಹಳೆಯ ಸಿ.ಡಿ. ಒಂದನ್ನು ತೆಳು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಓಡಿಸುತ್ತೇನೆ. ಹನ್ನೆರಡು ಸೆಂಟಿಮೀಟರ್ ಅಗಲದ ವೃತ್ತ ಸಿಗುತ್ತದೆ. ಅದೇ ಬೈನಾಕ್ಯುಲರ್‌ನ ನೋಟ. ಮೊದಲು ಹೆಚ್ಚು ಹೊಳೆಯುವ ಎರಡು ನಕ್ಷತ್ರಗಳನ್ನು ಇಟ್ಟುಕೊಳ್ಳಿ. ಉಳಿದವನ್ನು ಆ ಎರಡರ ಅಳತೆಯಲ್ಲಿ ಇಡುತ್ತಾ ಹೋಗಿ: ಇದು ಅವೆರಡರ ನಡುವೆ, ಅದು ಇದೇ ಗೆರೆಯಲ್ಲಿ ಇನ್ನಷ್ಟು ಆಚೆ. ಹೊಳೆಯುವುದಕ್ಕೆ ದಪ್ಪ ಚುಕ್ಕಿ, ಮಂಕಾದದ್ದಕ್ಕೆ ಸಣ್ಣದು. ವೆಸ್ಟಾ ಯಾವುದು ಎಂದು ಗೊತ್ತಿದ್ದರೂ ಅದಕ್ಕೆ ಬೇರೆ ಗುರುತು ಹಾಕಬೇಡಿ. ಕಂಡದ್ದನ್ನೆಲ್ಲ ಸಮಾನವಾಗಿ ಇಡಿ. ಕೊನೆಗೆ ತಾರೀಖು, ಗಂಟೆ, ಮೇಲಿನ ದಿಕ್ಕು ಯಾವುದು ಎಂದು ಬರೆಯಿರಿ.

ವಿಯುತಿಯ ಸಮಯದಲ್ಲಿ ವೆಸ್ಟಾ ದಿನಕ್ಕೆ ಸುಮಾರು ಕಾಲು ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ. ಪೂರ್ಣಚಂದ್ರನ ಅಗಲದ ಅರ್ಧ. ಸಿ.ಡಿ. ವೃತ್ತದಲ್ಲಿ ಅದು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಪಶ್ಚಿಮಕ್ಕೆ ಯಾಕೆ? ವೆಸ್ಟಾ ನಿಜವಾಗಿ ಹಿಂದೆ ಹೋಗುತ್ತಿಲ್ಲ, ನಾವು ಅದನ್ನು ಹಿಂದಿಕ್ಕುತ್ತಿದ್ದೇವೆ. ಪಕ್ಕದ ಹಳಿಯ ನಿಧಾನ ರೈಲು ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ಅದೇ. ವಿಯುತಿಗೆ ಹೆಚ್ಚುಕಡಿಮೆ ಒಂದೂವರೆ ತಿಂಗಳು ಮೊದಲು ಮತ್ತು ಆಮೇಲೆ ಅದು ದಿಕ್ಕು ಬದಲಿಸಲು ನಿಂತ ಹಾಗಿರುತ್ತದೆ. ಆ ದಿನಗಳಲ್ಲಿ ಎರಡು ರಾತ್ರಿಯ ಆಟ ನಡೆಯುವುದಿಲ್ಲ, ಹತ್ತು ದಿನ ಕಾದರೂ ಅಷ್ಟಕ್ಕಷ್ಟೇ.

2025ರ ವಿಯುತಿ ಮೇ 2ಕ್ಕೆ, ತುಲಾ ರಾಶಿಯಲ್ಲಿ. ಏಪ್ರಿಲ್ 27ಕ್ಕೆ ಅಮಾವಾಸ್ಯೆ ಆಗಿತ್ತು. 29ರ ರಾತ್ರಿ ನಾನು ಒಂದು ಹಾಳೆ ಬರೆದೆ. ಮಾರನೇ ದಿನವೇ ಹೆಂಡತಿ ಆ ಪ್ರಶ್ನೆ ಕೇಳಿದ್ದು. ಉತ್ತರ ಕೊಡುವ ಬದಲು ಬೈನಾಕ್ಯುಲರ್ ಅವಳ ಕೈಗೆ ಕೊಟ್ಟೆ. ನನ್ನ ಹಾಳೆ ತೋರಿಸಲಿಲ್ಲ, ವೆಸ್ಟಾ ಯಾವುದು ಎಂದೂ ಹೇಳಲಿಲ್ಲ. "ಕಂಡಿದ್ದನ್ನೆಲ್ಲ ಇಡು" ಅಂದೆ ಅಷ್ಟೇ. ಅವಳ ಕೈ ನನ್ನದಕ್ಕಿಂತ ಸ್ಥಿರ. ನಾನು ಹನ್ನೊಂದು ಚುಕ್ಕಿ ಇಟ್ಟಿದ್ದರೆ ಅವಳು ಹದಿನಾಲ್ಕು ಇಟ್ಟಳು. ಒಳಗೆ ಬಂದು ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ದೀಪಕ್ಕೆ ಹಿಡಿದೆವು. ಚುಕ್ಕಿಯ ಮೇಲೆ ಚುಕ್ಕಿ ಕೂತಿತು, ಅಲ್ಲಿ ಇಲ್ಲಿ ಕೂದಲೆಳೆ ವ್ಯತ್ಯಾಸ. ಒಂದು ಮಾತ್ರ ಜೋಡಿಯಾಗಿ ಕಂಡಿತು, ನಡುವೆ ಅಕ್ಕಿಕಾಳಿನಷ್ಟು ಜಾಗ. "ನಾಳೆ ಇಲ್ಲಿಗೆ ಬರುತ್ತಾ?" ಎಂದು ಅವಳೇ ಪೆನ್ಸಿಲ್ಲಿನಿಂದ ಒಂದು ಇಂಟು ಹಾಕಿದಳು. ಮೇ 1ಕ್ಕೆ ಮೋಡ. ಆ ಇಂಟು ಇವತ್ತಿಗೂ ಹಾಗೇ ಇದೆ.

ನೀವೂ ಇಬ್ಬರಿದ್ದರೆ ಹೀಗೇ ಮಾಡಿ. ಗೊತ್ತಿರುವವನ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಗೊತ್ತಿಲ್ಲದವರ ಹಾಳೆಯನ್ನು ನಂಬಬಹುದು.

ಒಂದು ಅಡ್ಡಮಾತು. ವೆಸ್ಟಾವನ್ನು ಮೊದಲು ಕಂಡವನು ಬ್ರೆಮೆನ್ ನಗರದ ವೈದ್ಯ ಹೈನ್ರಿಕ್ ಓಲ್ಬರ್ಸ್, 1807ರ ಮಾರ್ಚ್ 29ರಂದು. ಹಗಲು ರೋಗಿಗಳು, ರಾತ್ರಿ ಆಕಾಶ. 1802ರಲ್ಲಿ ಪಲ್ಲಾಸ್ ಕ್ಷುದ್ರಗ್ರಹ ಕಂಡುಹಿಡಿದವನೂ ಅವನೇ. ಹೊಸದಕ್ಕೆ ಹೆಸರಿಡುವ ಗೌರವವನ್ನು ಗಣಿತಜ್ಞ ಗೌಸ್‌ಗೆ ಬಿಟ್ಟುಕೊಟ್ಟ. ಗೌಸ್ ರೋಮನ್ನರ ಒಲೆಯ ದೇವತೆಯ ಹೆಸರಿಟ್ಟ. ಎರಡು ಶತಮಾನದ ನಂತರ ನಾಸಾದ ಡಾನ್ ನೌಕೆ 2011ರ ಜುಲೈನಿಂದ 2012ರ ಸೆಪ್ಟೆಂಬರ್‌ವರೆಗೆ ಅದರ ಸುತ್ತ ಸುತ್ತಿತು. ದಕ್ಷಿಣ ತುದಿಯಲ್ಲಿ ರಿಯಾಸಿಲ್ವಿಯಾ ಎಂಬ ಗುಳಿ ಸುಮಾರು 500 ಕಿ.ಮೀ. ಅಗಲ ಇದೆ. ವೆಸ್ಟಾದ ಅಗಲಕ್ಕೇ ಹತ್ತಿರ ಹತ್ತಿರ! ಅಂಥ ಹೊಡೆತಗಳಲ್ಲಿ ಸಿಡಿದ ಚೂರುಗಳು ಉಲ್ಕಾಶಿಲೆಗಳಾಗಿ ಭೂಮಿಗೂ ಬಿದ್ದಿವೆ.

ಅದೇ ಪಟ್ಟಿಯಲ್ಲಿರುವ ಸೀರಿಸ್ ವೆಸ್ಟಾಕ್ಕಿಂತ ದೊಡ್ಡದು, ಅಡ್ಡಗಲ ಸುಮಾರು 940 ಕಿ.ಮೀ. ಆದರೂ ಹೊಳಪಿನಲ್ಲಿ ವೆಸ್ಟಾ ಮುಂದೆ. ಸೀರಿಸ್‌ನ ಮೈ ಇದ್ದಿಲಿನ ಹಾಗೆ ಕಪ್ಪು, ಬಿದ್ದ ಬೆಳಕಿನ ನೂರರಲ್ಲಿ ಒಂಬತ್ತು ಪಾಲು ವಾಪಸ್ ಕಳಿಸುತ್ತದೆ. ವೆಸ್ಟಾ ನಲವತ್ತಕ್ಕೂ ಜಾಸ್ತಿ ಕಳಿಸುತ್ತದೆ, ಜೊತೆಗೆ ನಮಗೆ ಹತ್ತಿರವೂ ಇದೆ. ಅದಕ್ಕೇ ಕ್ಷುದ್ರಗ್ರಹ ಪಟ್ಟಿಯಲ್ಲಿ ಬರಿಗಣ್ಣಿಗೆ ಸಿಗುವ ಒಂದೇ ಒಂದು ಎಂದು ವೆಸ್ಟಾವನ್ನು ಧೈರ್ಯವಾಗಿ ಹೇಳಬಹುದು.

ಬರಿಗಣ್ಣಿನ ಪ್ರಯತ್ನ ಮಾಡುವವರು ಮೊದಲು ಬೈನಾಕ್ಯುಲರ್‌ನಲ್ಲಿ ಜಾಗ ಖಚಿತ ಮಾಡಿಕೊಳ್ಳಿ. ಆಮೇಲೆ ಅದನ್ನು ಕೆಳಗಿಟ್ಟು ನೇರವಾಗಿ ಅಲ್ಲಿಗೇ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ನಟ್ಟನಡುವಿನ ಭಾಗ ಮಂದ ಬೆಳಕಿಗೆ ಕುರುಡು, ಅಂಚು ಚುರುಕು. ಪಕ್ಕಕ್ಕೆ ನೋಡಿದಾಗ ಮೂಡಿ, ನೇರ ನೋಡಿದಾಗ ಮಾಯವಾಗುವ ಚುಕ್ಕಿ ಇದ್ದರೆ ಅದು ನಿಜ. ನನಗೆ ಇನ್ನೂ ಸಿಕ್ಕಿಲ್ಲ. 2018ರಲ್ಲಿ ನನಗೆ ವೆಸ್ಟಾದ ಹೆಸರೇ ಗೊತ್ತಿರಲಿಲ್ಲ, ಆ ಹೊಟ್ಟೆಉರಿ ಇದೆ. ಅಷ್ಟು ಹತ್ತಿರದ ವಿಯುತಿ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಬರುತ್ತದೆ.

ಕ್ಯಾಮೆರಾ ಇದ್ದವರಿಗೆ ಕೆಲಸ ಸಲೀಸು. ಟ್ರೈಪಾಡ್ ಮೇಲೆ 50 ಮಿಲಿಮೀಟರ್ ಲೆನ್ಸ್, ಐದರಿಂದ ಎಂಟು ಸೆಕೆಂಡ್ ಎಕ್ಸ್‌ಪೋಶರ್, ಫೋಕಸ್ ಕೈಯಲ್ಲಿ. ಅದಕ್ಕಿಂತ ಹೊತ್ತು ತೆರೆದಿಟ್ಟರೆ ಭೂಮಿಯ ತಿರುಗಾಟಕ್ಕೆ ನಕ್ಷತ್ರಗಳು ಗೀರಾಗುತ್ತವೆ. ಎರಡು ರಾತ್ರಿಯ ಫೋಟೋ ಕಂಪ್ಯೂಟರಿನಲ್ಲಿ ಹೊಂದಿಸಿ ಒಂದಾದ ಮೇಲೊಂದು ಬೇಗ ಬೇಗ ಬದಲಿಸಿ. ಎಲ್ಲವೂ ನಿಂತಿರುತ್ತವೆ, ವೆಸ್ಟಾ ಒಂದೇ ಜಿಗಿಯುತ್ತದೆ. ಟೆಲಿಸ್ಕೋಪ್ ಇದ್ದರೆ ಎರಡು ರಾತ್ರಿಯೂ ಬೇಡ. ಯಾವುದಾದರೂ ನಕ್ಷತ್ರಕ್ಕೆ ತೀರಾ ಹತ್ತಿರ ಇರುವಾಗ ನೋಡಿ, ಮೂರು ಗಂಟೆ ಬಿಟ್ಟು ಮತ್ತೆ ನೋಡಿದರೆ ಜಾಗ ಬದಲಾದದ್ದು ಗೊತ್ತಾಗುತ್ತದೆ. ನನಗೇನೋ ಸಿ.ಡಿ. ವೃತ್ತವೇ ಇಷ್ಟ.

2026ರ ವಿಯುತಿ ಅಕ್ಟೋಬರ್ ನಡುವಿನಲ್ಲಿ, ತಿಮಿಂಗಿಲ ಪುಂಜದಲ್ಲಿ, ಸುಮಾರು 6.3 ಮ್ಯಾಗ್ನಿಟ್ಯೂಡ್. ಬರಿಗಣ್ಣಿಗೆ ಅಲ್ಲ, ಬೈನಾಕ್ಯುಲರ್‌ಗೆ ಧಾರಾಳ. ಅಕ್ಟೋಬರ್ 10ಕ್ಕೆ ಅಮಾವಾಸ್ಯೆ, 26ಕ್ಕೆ ಹುಣ್ಣಿಮೆ. ಆ ಭಾಗದ ಆಕಾಶದಲ್ಲಿ ಹೊಳೆಯುವ ನಕ್ಷತ್ರ ಕಡಿಮೆ, ಕಾಲಿಡಲು ಕಲ್ಲು ದೂರ ದೂರ. ಹಾಗಾಗಿ 7 ಅಥವಾ 8ಕ್ಕೇ ಒಂದು ಸಲ ಹೋಗಿ, ವೆಸ್ಟಾ ಹುಡುಕದೆ ಬರೀ ದಾರಿ ಪರಿಚಯ ಮಾಡಿಕೊಂಡು ಬನ್ನಿ. ಹಾಳೆ ಬರೆಯುವುದು 9ರಿಂದ 16ರ ಒಳಗೆ, ಮೋಡ ಬಿಟ್ಟ ಯಾವ ಎರಡು ರಾತ್ರಿಯಾದರೂ ಆದೀತು. ಎರಡೂ ರಾತ್ರಿ ಒಂದೇ ಗಂಟೆಗೆ ನೋಡಿ. ಆಗ ಆಕಾಶದ ಓರೆ ಒಂದೇ ಇರುತ್ತದೆ, ಹಾಳೆಗಳು ತಿರುಗಿಸದೆಯೇ ಕೂರುತ್ತವೆ.